ಪರ್ಷಿಯದ ಗ್ರಾಮೀಣ ರತ್ನಗಂಬಳಿ: ಹೆಸರು ಮತ್ತು ನೇಯ್ಗೆ

ಪರ್ಷಿಯದ ಗ್ರಾಮೀಣ ರತ್ನಗಂಬಳಿಗಳನ್ನು ಸಾಮಾನ್ಯವಾಗಿ ಊರಿನ ಹೆಸರಿನಿಂದ ವರ್ಗೀಕರಿಸಲಾಗುತ್ತದೆ. ಆದರೆ ಈ ಹೆಸರುಗಳು ಅನೇಕ ವೇಳೆ ಮಾರುಕಟ್ಟೆಯವು, ನೇಯ್ದ ಹಳ್ಳಿಯವಲ್ಲ. ಹಮದಾನ್ ಸುತ್ತಲಿನ ಹಲವು ಹಳ್ಳಿಗಳ ನೇಯ್ಗೆ 'ಹಮದಾನ್' ಎಂದೇ ಮಾರಾಟವಾಗುತ್ತದೆ. ಹಾಸಿನ ಎರಡೆಳೆಗಳಲ್ಲಿ ಒಂದನ್ನು ಮಾತ್ರ ಪೂರ್ತಿ ಸುತ್ತುವ ಅಸಮ ಗಂಟಿಗೆ 'ಸೆನ್ನೆ ಗಂಟು' ಎಂಬ ಹೆಸರು ರೂಢಿಯಲ್ಲಿದೆ. ಸೆನ್ನೆಯ, ಅಂದರೆ ಇಂದಿನ ಸನಂದಜ್‌ನ, ಪರಂಪರೆಯಲ್ಲಿರುವುದಾದರೋ ಎರಡನ್ನೂ ಸುತ್ತುವ ಸಮ ಗಂಟು!

ಆದ್ದರಿಂದ ಪ್ರಾದೇಶಿಕತೆಯನ್ನು ಅರಿಯಲು ಗಂಬಳಿಯ ಬೆನ್ನನ್ನು ಓದಬೇಕು. ಹಮದಾನ್ ಹಳ್ಳಿಗಳಲ್ಲಿ ಗಂಟಿನ ಸಾಲುಗಳ ನಡುವೆ ಸಾಮಾನ್ಯವಾಗಿ ಒಂದೇ ಹೊಕ್ಕಿನೆಳೆ ಹಾಯುತ್ತದೆ. ಫಾರ್ಸ್‌ನ ಮಹಿಳೆಯರು ನೆಲಕ್ಕೆ ಹಾಸಿದ ಮಗ್ಗದಲ್ಲಿ ನಕ್ಷೆಯಿಲ್ಲದೆ ನೇಯುತ್ತಾರೆ. 2010ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಕೌಶಲವನ್ನೇ ಹೊರತು ಗಂಬಳಿಯನ್ನಲ್ಲ. ನಕ್ಷೆಯಿಲ್ಲದೆಡೆ ನೇಯುವವಳ ನೆನಪೇ ಮೂಲಪಾಠ. ಮಾರಾಟದ ಹೆಸರಿಗೆ ತೃಪ್ತವಾಗುವ ಅಧ್ಯಯನ ಆ ಕರ್ತೃವನ್ನೇ ಅಳಿಸುತ್ತದೆ.