ಗೋರಿಯ ಎತ್ತರ

ಬೋರಗಾಂವದಿಂದ ವಿಜಯಪುರಕ್ಕೆ ಹೋದವರು ಗೋಳಗುಮ್ಮಟ ನೋಡದೆ ಮರಳುವುದಿಲ್ಲ. ಅದು 1656ರಲ್ಲಿ ನಿಧನನಾದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಜನರು ಚಪ್ಪಾಳೆ ತಟ್ಟಿ ಪ್ರತಿಧ್ವನಿ ಎಣಿಸುತ್ತಾರೆ. ಕೆಳಗೆ ಮಲಗಿದವನಿಗಾಗಿ ದುಆ ಮಾಡುವವರೆಷ್ಟು ಮಂದಿ?

ಗೋರಿಯಿಂದ ಹೆಸರುಳಿಸಿಕೊಳ್ಳುವ ಆಸೆ ಬಹಳ ಹಳೆಯದು. ಈಜಿಪ್ಟಿನ ಅರಸ ಖೂಫು ಸುಮಾರು 4,500 ವರ್ಷಗಳ ಹಿಂದೆ 146 ಮೀಟರ್ ಎತ್ತರದ ಪಿರಮಿಡ್ ಕಟ್ಟಿಸಿದ. ಅದಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳು ಹಿಡಿದವು. ಇಂದು ಅವನ ಕಲ್ಲಿನ ಶವಪೆಟ್ಟಿಗೆ ಖಾಲಿ. ಕಟ್ಟಿದ ಕೂಲಿಕಾರರ ಗೋರಿಗಳು 1990ರಲ್ಲಿ ಸಮೀಪದಲ್ಲೇ ಪತ್ತೆಯಾದವು. ಭಾರ ಹೊತ್ತು ಸವೆದ ಬೆನ್ನೆಲುಬುಗಳು ಅಲ್ಲಿದ್ದವು.

ಭೂಮಿಯಲ್ಲಿ ಸಂಚರಿಸಿ ಗತಜನಾಂಗಗಳ ಅಂತ್ಯವನ್ನು ನೋಡಿರೆಂದು ಪವಿತ್ರ ಕುರ್‌ಆನ್ ಆಹ್ವಾನಿಸುತ್ತದೆ. ಗೋರಿಯ ಮೇಲೆ ಕಟ್ಟಡ ಕಟ್ಟುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಮರಣಾನಂತರವೂ ಫಲ ನೀಡುವವು ಮೂರೇ ಎಂದು ಅವರು ಕಲಿಸಿದರು: ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ.

ತಂದೆತಾಯಿಯ ಗೋರಿಗೆ ಅಮೃತಶಿಲೆ ಹಾಕಿಸಲು ಹಣ ಕೂಡಿಟ್ಟಿದ್ದೀರಾ? ಆ ಹಣದಲ್ಲಿ ಅವರ ಹೆಸರಿನಲ್ಲಿ ನೀರಿಲ್ಲದ ಓಣಿಯಲ್ಲೊಂದು ಬೋರು ಹಾಕಿಸಿ. ಒಬ್ಬ ಅನಾಥ ಮಗುವಿನ ಶಾಲೆಯ ಫೀ ಕಟ್ಟಿ. ಗೋರಿ ಮಣ್ಣಿನದೇ ಇರಲಿ. ಅವರಿಗಾಗಿ ದುಆ ಮಾಡುವುದನ್ನು ಮಾತ್ರ ಬಿಡಬೇಡಿ. ಅಲ್ಲಾಹನು ನಮಗೆ ಅನುಗ್ರಹಿಸಲಿ, ಆಮೀನ್.