ಸಾಂಕೇತಿಕ ಕೊಂಡಿ: ಚಿತ್ರಭಂಡಾರವನ್ನು ಎರಡನೆಯ ಡಿಸ್ಕಿಗೆ ಸಾಗಿಸುವ ಬಗೆ

ಗಣಕಯಂತ್ರವನ್ನು ಬಳಸುವ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಒಂದಲ್ಲ ಒಂದು ದಿನ ಸ್ಥಳಾಭಾವದ ಪ್ರಶ್ನೆ ತಲೆದೋರುತ್ತದೆ. ಇಂದಿನ ಯಂತ್ರಗಳ ಮೊದಲ ಡಿಸ್ಕು ವೇಗಶಾಲಿಯಾದುದು. ಆದರೆ ಅನೇಕ ವೇಳೆ 256 ಗಿಗಾಬೈಟಿನಷ್ಟು ಚಿಕ್ಕದು. ಸಮಾರಂಭಗಳ ಛಾಯಾಚಿತ್ರಗಳು, ಭಾಷಣಗಳ ಧ್ವನಿಮುದ್ರಣಗಳು, ನಾಟಕಗಳ ವಿಡಿಯೋಗಳು ಸೇರುತ್ತ ಹೋದಂತೆ ಅದು ತುಂಬಿಬಿಡುತ್ತದೆ. ಎರಡನೆಯ ಡಿಸ್ಕನ್ನು ಜೋಡಿಸುವುದೇನೋ ಸುಲಭ. ಆದರೆ ಫೋಲ್ಡರನ್ನು ಅಲ್ಲಿಗೆ ಸಾಗಿಸಿದೊಡನೆ, ಹಳೆಯ ಜಾಗದಲ್ಲಿಯೇ ಅದನ್ನು ಹುಡುಕುವ ತಂತ್ರಾಂಶಗಳು ಏನನ್ನೂ ಕಾಣದೆ ನಿಂತುಬಿಡುತ್ತವೆ. ಈ ತೊಡಕಿಗೆ ಪರಿಹಾರವಾಗಿ ಬಂದುದು ಸಾಂಕೇತಿಕ ಕೊಂಡಿ, ಅಂದರೆ ಸಿಂಬಾಲಿಕ್ ಲಿಂಕ್.

ದೊಡ್ಡ ಆಕಾರದ ಗ್ರಂಥವನ್ನು ಬೇರೆ ಕೋಣೆಯಲ್ಲಿರಿಸಿ, ಅದರ ಸ್ಥಾನದಲ್ಲಿ 'ಇಂಥ ಕಪಾಟಿನಲ್ಲಿ ನೋಡಿ' ಎಂಬ ರಟ್ಟನ್ನು ನಿಲ್ಲಿಸುವ ಗ್ರಂಥಾಲಯದ ಪದ್ಧತಿಯನ್ನು ಅಧ್ಯಾಪಕರು ಬಲ್ಲರು. ಕೊಂಡಿಯೂ ಅಂಥದೇ. ಅದರೊಳಗೆ ಚಿತ್ರವಿಲ್ಲ, ಚಿತ್ರವಿರುವ ಸ್ಥಳದ ಹೆಸರು ಮಾತ್ರ ಇದೆ. ರಟ್ಟನ್ನು ಓದಿ ಓದುಗನೇ ನಡೆದುಹೋಗಬೇಕು. ಇಲ್ಲಿ ಆ ಕೆಲಸವನ್ನು ಕಾರ್ಯಾಚರಣಾ ವ್ಯವಸ್ಥೆಯೇ ಮಾಡುತ್ತದೆ. ಯೂನಿಕ್ಸ್‌ನ ಬರ್ಕ್ಲಿ ಆವೃತ್ತಿಯಲ್ಲಿ, 1983ರ 4.2 ಬಿಎಸ್‌ಡಿಯೊಡನೆ, ಈ ಸೌಲಭ್ಯ ಬಳಕೆಗೆ ಬಂದಿತು. ಅದಕ್ಕೂ ಮೊದಲಿನಿಂದ ಯೂನಿಕ್ಸ್‌ನಲ್ಲಿದ್ದ ಹಾರ್ಡ್ ಲಿಂಕ್ ಒಂದು ಕಡತ ವ್ಯವಸ್ಥೆಯ ಎಲ್ಲೆಯನ್ನು ದಾಟಿ ಇನ್ನೊಂದಕ್ಕೆ ಹೋಗಲಾರದು. ಹೆಸರನ್ನಷ್ಟೇ ಹೊತ್ತ ಕೊಂಡಿಗೆ ಆ ನಿರ್ಬಂಧವಿಲ್ಲ. ವಿಂಡೋಸ್‌ನಲ್ಲಿ ಇದು ವಿಸ್ಟಾ ಆವೃತ್ತಿಯಿಂದೀಚೆಗೆ ದೊರೆಯುತ್ತಿದೆ.

ಕಾರ್ಯಕ್ರಮ ಹೀಗೆ: ಮೊದಲು ಫೋಲ್ಡರನ್ನು ಎರಡನೆಯ ಡಿಸ್ಕಿಗೆ ನಕಲು ಮಾಡಿ, ಕಡತಗಳ ಸಂಖ್ಯೆಯನ್ನೂ ಗಾತ್ರವನ್ನೂ ತಾಳೆ ನೋಡಬೇಕು. ಹಳೆಯ ಫೋಲ್ಡರನ್ನು ಕೂಡಲೇ ಅಳಿಸದೆ ಅದರ ಹೆಸರನ್ನಷ್ಟೇ ಬದಲಿಸಿ, ಹಳೆಯ ಹೆಸರಿನಲ್ಲಿ ಕೊಂಡಿಯನ್ನು ರಚಿಸಬೇಕು. ಲಿನಕ್ಸ್‌ನಲ್ಲಿ 'ಎಲ್‌ಎನ್' ಆಜ್ಞೆಗೆ 'ಎಸ್' ಸೂಚಕವನ್ನು ಕೊಟ್ಟು, ಮೊದಲು ವಸ್ತುವಿರುವ ಸ್ಥಳವನ್ನೂ ಅನಂತರ ಕೊಂಡಿಯ ಹೆಸರನ್ನೂ ಬರೆಯಬೇಕು. ವಿಂಡೋಸ್‌ನ 'ಎಂಕೆಲಿಂಕ್' ಆಜ್ಞೆಯಲ್ಲಿ ಕ್ರಮ ತಿರುಗುಮುರುಗು: ಕೊಂಡಿ ಮೊದಲು, ಸ್ಥಳ ಆಮೇಲೆ. ಎರಡನ್ನೂ ಬಳಸುವವರು ಇಲ್ಲಿ ಎಡವದೆ ಇರುವುದೇ ಅಪರೂಪ. ವಿಂಡೋಸ್‌ನ ಸ್ವಂತ ಚಿತ್ರ, ವಿಡಿಯೋ ಫೋಲ್ಡರುಗಳಿಗಾದರೆ ಇಷ್ಟು ಶ್ರಮವೇ ಬೇಡ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಹೊಸ ಸ್ಥಳವನ್ನು ಸೂಚಿಸಿದರೆ ಸಾಕು. ಜಾಗ ಬದಲಿಸಲು ಎಡೆಗೊಡದ ತಂತ್ರಾಂಶಗಳಿಗೆ ಮಾತ್ರ ಕೊಂಡಿ ಅವಶ್ಯ.

ಹೆಚ್ಚು ಎಚ್ಚರ ಬೇಕಾದುದು ರಕ್ಷಣಾಪ್ರತಿಯ, ಅಂದರೆ ಬ್ಯಾಕಪ್ಪಿನ ವಿಷಯದಲ್ಲಿ. 'ಟಾರ್' ಮೊದಲಾದ ಸಾಧನಗಳು, ಬೇರೆ ಸೂಚನೆಯಿಲ್ಲದಿದ್ದರೆ, ಕೊಂಡಿಯನ್ನು ಕೊಂಡಿಯಾಗಿಯೇ ನಕಲು ಮಾಡುತ್ತವೆ. ವಾರಕ್ಕೊಮ್ಮೆ ತಪ್ಪದೆ ಪ್ರತಿ ತೆಗೆದಿಟ್ಟವರು, ಎರಡನೆಯ ಡಿಸ್ಕು ಕೆಟ್ಟ ದಿನ ಆ ಪ್ರತಿಯನ್ನು ತೆರೆದರೆ ಅಲ್ಲಿ ಸಿಗುವುದು ವಿಳಾಸ ಮಾತ್ರ. ಮೂವತ್ತು ವರ್ಷಗಳ ವಾರ್ಷಿಕೋತ್ಸವದ ಚಿತ್ರಗಳಲ್ಲ. ಇದು ಸಾಧನದ ದೋಷವಲ್ಲ. ಮೊದಲ ಡಿಸ್ಕಿನ ಪ್ರತಿ ತೆಗೆದರೆ ಎಲ್ಲವೂ ಬಂದಂತಾಯಿತೆಂಬ ಹಳೆಯ ನಂಬಿಕೆ ಸ್ಥಳಾಂತರವಾದ ಮೇಲೂ ಉಳಿದುಬರುವುದೇ ಇದಕ್ಕೆ ಕಾರಣ. ಕೊಂಡಿಯನ್ನು ಅನುಸರಿಸುವಂತೆ ಸಾಧನಕ್ಕೆ ಹೇಳಬಹುದು. ಎರಡನೆಯ ಡಿಸ್ಕಿಗೇ ಪ್ರತ್ಯೇಕವಾಗಿ ಪ್ರತಿ ತೆಗೆಯುವುದು ಅದಕ್ಕಿಂತ ಲೇಸು.

ಇನ್ನೊಂದು ಅಪಾಯ ಸದ್ದಿಲ್ಲದೆ ಬರುವಂಥದು. ಲಿನಕ್ಸ್‌ನಲ್ಲಿ ಎರಡನೆಯ ಡಿಸ್ಕು ಒಂದು ಖಾಲಿ ಫೋಲ್ಡರಿನ ಮೇಲೆ ಬಂದು ಕೂರುತ್ತದೆ. ಯಾವುದೋ ದಿನ ಅದು ಜೋಡಣೆಗೊಳ್ಳದಿದ್ದರೆ ಕೊಂಡಿ ಆ ಖಾಲಿ ಫೋಲ್ಡರನ್ನೇ ತೋರಿಸುತ್ತದೆ; ಬರೆಯಲು ಅನುಮತಿಯಿದ್ದಲ್ಲಿ ಅಂದಿನ ಹೊಸ ಚಿತ್ರಗಳು ಮೊದಲ ಡಿಸ್ಕಿನಲ್ಲಿಯೇ ಬಂದು ಕೂರುತ್ತವೆ. ಮರುದಿನ ಡಿಸ್ಕು ಸರಿಯಾಗಿ ಜೋಡಣೆಗೊಂಡಾಗ ಅವು ಅದರ ಅಡಿಯಲ್ಲಿ ಮರೆಯಾಗುತ್ತವೆ. ಅಳಿದುಹೋದುವೆಂದು ಆಗ ಕಳವಳಪಡಬೇಕಾಗಿಲ್ಲ. ಡಿಸ್ಕಿನ ಜೋಡಣೆಯನ್ನು ಬಿಡಿಸಿ ನೋಡಿದರೆ ಚಿತ್ರಗಳು ಅಲ್ಲಿಯೇ ಇರುತ್ತವೆ.