ಸಂಘದ ಕಚೇರಿಗೆ ಹೊಸ ಲಿನಕ್ಸ್ ಯಂತ್ರ: ಕಂಟೇನರ್ ತಂತ್ರಾಂಶ ಅಳವಡಿಸುವ ಕ್ರಮ



ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ಕಾಫಿಯ ಸೀಮೆಯಲ್ಲ. ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಕುಷ್ಟಗಿ ಯಲಬುರ್ಗಾಗಳಲ್ಲಿ ಮಳೆ ನಂಬಿದ ಹೊಲ ಮತ್ತು ಬಾವಿ ನೀರಿನ ತೋಟ. ಆದರೆ ತೂಕದ ಚೀಟಿ, ಪಹಣಿ ನಕಲು, ಮಹಾಸಭೆಯ ನಡಾವಳಿ ಇವನ್ನು ಜೋಪಾನವಾಗಿ ಇಡುವ ಚಿಂತೆ ಮಲೆನಾಡಿನ ಅಡಿಕೆ ಸಂಘಕ್ಕೂ ನಮ್ಮ ಸಂಘಕ್ಕೂ ಒಂದೇ. ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಅದರ ಬೆನ್ನೆಲುಬು ಸರಿಯಾದ ಲೆಕ್ಕದ ಪುಸ್ತಕವೇ ಆಗಿತ್ತು. ಪುಸ್ತಕದ ಮೇಲೆ ನಂಬಿಕೆ ಹೋದರೆ ಸಂಘದ ಮೇಲಿನ ನಂಬಿಕೆಯೂ ಹೋಗುತ್ತದೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿಗಳ ಯೋಜನೆ ಅದು. ಅಂಥ ಸಂಘಗಳ ಸಾಲದ ಖಾತೆಗಳಿಗೆ ದೇಶಕ್ಕೆಲ್ಲ ಒಂದೇ ಆದ ತಂತ್ರಾಂಶವಿದೆ. ಆ ವಿಚಾರ ಇಲ್ಲಿಯದಲ್ಲ. ಸಂಘದ ಸ್ವಂತ ಕಾಗದಪತ್ರಗಳನ್ನು ಕಚೇರಿಯ ಒಂದು ಯಂತ್ರದಲ್ಲಿಟ್ಟು, ಮೇಜಿನಿಂದ ಮೇಜಿಗೆ ನೋಡುವಂತೆ ಮಾಡುವುದು ಹೇಗೆ ಎಂಬುದಷ್ಟೇ ಈ ಪಾಠ.

ಕಂಟೇನರ್ ಎಂದರೇನು?

ಕಾಫಿ ಸಸಿಯನ್ನು ನರ್ಸರಿಯಿಂದ ತರುವಾಗ ಪಾಲಿಥಿನ್ ಚೀಲದಲ್ಲಿ ಅದರ ಮಣ್ಣು ಗೊಬ್ಬರಗಳೊಡನೆಯೇ ತರುತ್ತೇವೆ. ಬೇರು ಅಲುಗುವುದಿಲ್ಲ. ಕಂಟೇನರ್ ಹಾಗೆಯೇ. ತಂತ್ರಾಂಶವೊಂದು ತನಗೆ ಬೇಕಾದ ಸಣ್ಣಪುಟ್ಟ ಸಾಮಗ್ರಿಯನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಒಂದರ ಸಾಮಗ್ರಿ ಇನ್ನೊಂದಕ್ಕೆ ತಗುಲುವುದಿಲ್ಲ. ಹರಿಯುವ ನೀರು ಮಾತ್ರ ಎಲ್ಲಕ್ಕೂ ಒಂದೇ; ಆ ನೀರು ಎಂದರೆ ಲಿನಕ್ಸಿನ ಕರ್ನೆಲ್. ನರ್ಸರಿಯಿಂದ ಬರುವ ಮೂಲ ಮಾದರಿಗೆ ಇಮೇಜ್ ಎಂದೂ, ಅದರಿಂದ ನಮ್ಮ ಯಂತ್ರದಲ್ಲಿ ನಡೆಯುವ ಪ್ರತಿಗೆ ಕಂಟೇನರ್ ಎಂದೂ ಹೆಸರು. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಈ ಕೆಲಸವನ್ನು ಸುಲಭಗೊಳಿಸಿದ ಡಾಕರ್ ಹೊರಬಂದದ್ದು 2013ರಲ್ಲಿ. ಡಾಕರ್ ಎಂಜಿನ್ ಮುಕ್ತ ತಂತ್ರಾಂಶ. ಲೈಸೆನ್ಸಿಗೆ ಹಣ ಕೊಡಬೇಕಾಗಿಲ್ಲ.

ಯಂತ್ರದ ಸಿದ್ಧತೆ

8 ಜಿಬಿ ಮೆಮೊರಿ, ಒಂದು ಎಸ್‌ಎಸ್‌ಡಿ, ನಕಲಿಗಾಗಿ ಎರಡು ಹೊರ ಡಿಸ್ಕು ಇದ್ದರೆ ಸಣ್ಣ ಸಂಘಕ್ಕೆ ಸಾಕು. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿಯ ಆಸುಪಾಸು ನಿಲ್ಲುವುದರಿಂದ ಯಂತ್ರವನ್ನು ಗೋಡೆಗೆ ಒತ್ತಿ ಇಡದೆ, ನೆಲದ ಧೂಳಿಗೆ ಸಿಗದಂತೆ, ಗಾಳಿಯಾಡುವ ಕಡೆ ಎತ್ತರದಲ್ಲಿ ಇಡತಕ್ಕದ್ದು. ಯುಪಿಎಸ್ ಇಲ್ಲದೆ ಆರಂಭಿಸಲೇಬಾರದು. ಅದರ ಬ್ಯಾಟರಿ ಮುಗಿಯುವ ಮೊದಲೇ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವ ಅಭ್ಯಾಸ ಗುಮಾಸ್ತರಿಗೆ ಆಗಬೇಕು.

ನಾವು ಆರಿಸಿಕೊಂಡದ್ದು 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13. ಯಂತ್ರಕ್ಕೆ ಕಚೇರಿಯ ಜಾಲದಲ್ಲಿ ಒಂದು ಖಾಯಂ ವಿಳಾಸ ಕೊಡಬೇಕು, ಉದಾಹರಣೆಗೆ 192.168.1.10.

ಅಳವಡಿಸುವ ಕ್ರಮ

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇವೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪು ಮಾಡಬೇಕು. ಮೇಲ್ವಿಚಾರಕರ ಅಧಿಕಾರ ಬೇಕಾದ ಕಡೆ ಮೊದಲಿಗೆ ‘ಸುಡೊ’ ಸೇರಿಸಬೇಕು.

1. ‘ಆಪ್ಟ್ ಅಪ್‌ಡೇಟ್’, ಬಳಿಕ ‘ಆಪ್ಟ್ ಅಪ್‌ಗ್ರೇಡ್’. ಇದರಿಂದ ಯಂತ್ರದ ಹಳೆಯ ಲೋಪಗಳು ತಿದ್ದಲ್ಪಡುತ್ತವೆ.

2. ‘ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು, ‘ಡಾಕರ್ ಡಾಟ್ ಐಓ’ ಮತ್ತು ‘ಡಾಕರ್-ಕಂಪೋಸ್’ ಎಂಬ ಎರಡು ಹೆಸರುಗಳನ್ನು ಕೊಡಬೇಕು. ಬರೀ ‘ಡಾಕರ್’ ಎಂದು ಬರೆಯಬಾರದು. ಡೆಬಿಯನ್ನಿನಲ್ಲಿ ಆ ಹೆಸರು ಹಿಂದೆ ಬೇರೊಂದು ಪುಟ್ಟ ಸಾಧನದ್ದಾಗಿತ್ತು.

3. ‘ಡಾಕರ್ ರನ್ ಹೆಲೋ-ವರ್ಲ್ಡ್’ ಎಂದು ಪರೀಕ್ಷಿಸಬೇಕು. ನಮಸ್ಕಾರದ ನಾಲ್ಕು ಸಾಲು ಕಂಡರೆ ಎಂಜಿನ್ ಸರಿಯಿದೆ.

4. ‘ಎಸ್‌ಆರ್‌ವಿ’ ಎಂಬ ಫೋಲ್ಡರಿನೊಳಗೆ ‘ಸಂಘ’ ಎಂಬ ಫೋಲ್ಡರು, ಅದರೊಳಗೆ ಕಡತಗಳಿಗೊಂದು, ದತ್ತಾಂಶಕ್ಕೊಂದು ಫೋಲ್ಡರು ಮಾಡಬೇಕು.

5. ಅದೇ ‘ಸಂಘ’ ಫೋಲ್ಡರಿನಲ್ಲಿ ಕಂಪೋಸ್ ಕಡತ ಬರೆಯಬೇಕು. ಇದರಲ್ಲಿ ಎರಡು ಕಂಟೇನರ್‌ಗಳ ವಿವರವಿರುತ್ತದೆ: ಕಾಗದಪತ್ರ ತೋರಿಸುವ ನೆಕ್ಸ್ಟ್‌ಕ್ಲೌಡ್ ಒಂದು, ಅದರ ಲೆಕ್ಕವಿಡುವ ಮರಿಯಾಡಿಬಿ ಇನ್ನೊಂದು. ಅಡಿಕೆ ಸಸಿಗೆ ಒಂಬತ್ತು ಅಡಿ ಅಂತರ ಹೇಗೋ ಹಾಗೆ ಇಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಲೆಕ್ಕವುಂಟು. ಟ್ಯಾಬ್ ಕೀಲಿ ಒತ್ತದೆ ಸ್ಪೇಸ್ ಕೀಲಿಯನ್ನೇ ಬಳಸಬೇಕು.

6. ‘ಡಾಕರ್-ಕಂಪೋಸ್ ಅಪ್ -ಡಿ’ ಎಂದರೆ ಎರಡೂ ನಡೆಯತೊಡಗುತ್ತವೆ. ‘ಡಾಕರ್-ಕಂಪೋಸ್ ಪಿಎಸ್’ ಎಂದರೆ ಅವುಗಳ ಸ್ಥಿತಿ ಕಾಣುತ್ತದೆ.

ಕಂಪೋಸ್ ಕಡತದಲ್ಲಿ ತಪ್ಪದೆ ನೋಡಬೇಕಾದ ನಾಲ್ಕು ಸಾಲು

ಇಮೇಜ್ ಸಾಲು: ಇಮೇಜಿನ ಹೆಸರಿನ ಮುಂದೆ ‘ಲೇಟೆಸ್ಟ್’ ಎನ್ನದೆ ಆವೃತ್ತಿಯ ಅಂಕಿಯನ್ನೇ ಬರೆಯಬೇಕು. ನೆಕ್ಸ್ಟ್‌ಕ್ಲೌಡಿನಲ್ಲಿ ಒಂದು ದೊಡ್ಡ ಆವೃತ್ತಿಯನ್ನು ಹಾರಿ ಮುಂದಿನದಕ್ಕೆ ಹೋಗಲಾಗದು. ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು.

ವಾಲ್ಯೂಮ್ ಸಾಲು: ಎಡಕ್ಕೆ ಯಂತ್ರದಲ್ಲಿನ ನಮ್ಮ ಫೋಲ್ಡರು, ನಡುವೆ ವಿವರಣೆಯ ಎರಡು ಚುಕ್ಕೆ, ಬಲಕ್ಕೆ ಕಂಟೇನರ್ ಒಳಗಿನ ಜಾಗ. ಗಿಡ ಒಣಗಿದರೆ ಬೇರೆ ಸಸಿ ತರಬಹುದು, ಗೋದಾಮಿನ ಫಸಲು ಹೋದರೆ ತರುವುದೆಲ್ಲಿಂದ? ಕಂಟೇನರ್ ಗಿಡ, ಈ ಫೋಲ್ಡರು ಗೋದಾಮು.

ರೀಸ್ಟಾರ್ಟ್ ಸಾಲು: ‘ಅನ್‌ಲೆಸ್-ಸ್ಟಾಪ್ಡ್’ ಎಂದಿರಬೇಕು. ಕರೆಂಟು ಹೋಗಿ ಬಂದ ಮೇಲೆ ಕಂಟೇನರ್ ತಾನಾಗಿ ಏಳುತ್ತದೆ. ನಾವೇ ನಿಲ್ಲಿಸಿದ್ದರೆ ನಿಂತೇ ಇರುತ್ತದೆ.

ಪೋರ್ಟ್ ಸಾಲು: ಬರೀ 8080 ಎಂದು ಬರೆಯದೆ ಕಚೇರಿ ಜಾಲದ ವಿಳಾಸವನ್ನೂ ಸೇರಿಸಿ 192.168.1.10:8080:80 ಎಂದು ಬರೆಯಬೇಕು. ಡಾಕರ್ ತೆರೆದ ಬಾಗಿಲಿಗೆ ಯುಎಫ್‌ಡಬ್ಲ್ಯು ಎಂಬ ಕಾವಲಿನ ತಡೆ ನಾಟುವುದಿಲ್ಲ. ಕಾವಲು ಹಾಕಿದ್ದೇವೆಂದು ನಿಶ್ಚಿಂತರಾಗುವುದು ಸಲ್ಲದು. ರೂಟರಿನಲ್ಲಿ ಹೊರಗಿನವರಿಗೆ ದಾರಿ ತೆರೆಯಲೂಬಾರದು.

ನಾವು ಕಲಿತ ಪಾಠ

ಮೊದಲ ಪ್ರಯೋಗದಲ್ಲಿ ನಾವು ಮೇಲೆ ಹೇಳಿದಂತೆ ಫೋಲ್ಡರು ಕೊಡದೆ, ಡಾಕರ್ ತಾನೇ ಕಾಯುವ ವಾಲ್ಯೂಮಿನಲ್ಲಿ ಎಲ್ಲವನ್ನೂ ಇಟ್ಟಿದ್ದೆವು. ಮೂರು ವಾರಗಳ ತೂಕದ ಚೀಟಿಗಳು ಅದರಲ್ಲಿದ್ದವು. ಒಂದು ಸಂಜೆ ಕಂಟೇನರ್ ನಿಲ್ಲಿಸಲು ‘ಡೌನ್’ ಎಂದು ಬರೆದು, ವಿವರ ಹೆಚ್ಚು ಕಾಣಲಿ ಎಂದು ‘-ವಿ’ ಸೇರಿಸಿದೆವು. ಬೇರೆ ಎಷ್ಟೋ ಆಜ್ಞೆಗಳಲ್ಲಿ ಅದರ ಅರ್ಥ ಹಾಗೆಯೇ. ಇಲ್ಲಿ ಮಾತ್ರ ವಾಲ್ಯೂಮನ್ನೂ ಅಳಿಸು ಎಂದು ಅದರ ಅರ್ಥ. ಕ್ಷಣದಲ್ಲಿ ಎಲ್ಲ ಹೋಯಿತು. ಕಾಗದದ ಚೀಟಿಗಳನ್ನು ದಾರಕ್ಕೆ ಪೋಣಿಸಿ ಮೊಳೆಗೆ ತೂಗುಹಾಕಿದ್ದರಿಂದ ಉಳಿದುಕೊಂಡೆವು. ನಾಲ್ಕು ಸಂಜೆ ಕುಳಿತು ಮತ್ತೆ ತುಂಬಿದೆವು. ಚೀಟಿ ಇಲ್ಲದೆ ಹೋಗಿದ್ದರೆ, ಮಾಲು ತಂದು ಸುರಿದ ರೈತನ ಮುಂದೆ ನಿಂತು ಏನು ಹೇಳಬೇಕಿತ್ತು? ತಪ್ಪು ಯಂತ್ರದ್ದಲ್ಲ, ನಮ್ಮದು. ನಮ್ಮ ಫೋಲ್ಡರಿನಲ್ಲಿಟ್ಟ ಕಡತಗಳನ್ನು ಈ ‘-ವಿ’ ಮುಟ್ಟುವುದಿಲ್ಲ. ಆದ್ದರಿಂದಲೇ ಈಗ ನಾವು ಆ ಕ್ರಮವನ್ನು ಹೇಳುತ್ತಿದ್ದೇವೆ.

ನಕಲಿನ ನಿಯಮ

ವಾರಕ್ಕೊಮ್ಮೆ, ಕಚೇರಿ ಮುಚ್ಚಿದ ಮೇಲೆ ‘ಡಾಕರ್-ಕಂಪೋಸ್ ಸ್ಟಾಪ್’ ಮಾಡಿ, ‘ಸಂಘ’ ಫೋಲ್ಡರನ್ನು ‘ಸಿಪಿ -ಎ’ ಆಜ್ಞೆಯಿಂದ ಪೂರ್ತಿಯಾಗಿ ಹೊರ ಡಿಸ್ಕಿಗೆ ನಕಲಿಸಿ, ಬಳಿಕ ‘ಸ್ಟಾರ್ಟ್’ ಮಾಡಬೇಕು. ನಡೆಯುತ್ತಿರುವಾಗಲೇ ನಕಲಿಸಿದರೆ ದತ್ತಾಂಶ ಅರ್ಧಂಬರ್ಧ ಬರಬಹುದು. ಹೊರ ಡಿಸ್ಕು ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿಯಲ್ಲಿರಲಿ. ಸಾಮಾನ್ಯ ಪೆನ್ ಡ್ರೈವಿನ ಪದ್ಧತಿಯಲ್ಲಿ ಯಾವ ಕಡತ ಯಾರಿಗೆ ಸೇರಿದ್ದು ಎಂಬ ಗುರುತು ಉಳಿಯುವುದಿಲ್ಲ. ಎರಡು ಡಿಸ್ಕುಗಳನ್ನು ವಾರ ಬಿಟ್ಟು ವಾರ ಬಳಸಿ, ಒಂದನ್ನು ಸದಾ ಬೇರೆ ಕಟ್ಟಡದಲ್ಲಿಡಬೇಕು. ಮೂರು ತಿಂಗಳಿಗೊಮ್ಮೆ ಆ ನಕಲನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ ನೋಡಬೇಕು. ತೆರೆದು ನೋಡದ ನಕಲು ಮೊಳಕೆ ಪರೀಕ್ಷೆ ಮಾಡದ ಬೀಜದಂತೆ.

ಕೊನೆಯ ಮಾತು: ಯಾರನ್ನು ‘ಡಾಕರ್’ ಗುಂಪಿಗೆ ಸೇರಿಸುತ್ತೀರೋ ಅವರಿಗೆ ಇಡೀ ಯಂತ್ರದ ಬೀಗದ ಕೈ ಕೊಟ್ಟಂತೆ. ಇಬ್ಬರಿಗಿಂತ ಹೆಚ್ಚು ಜನ ಬೇಡ. ಒಬ್ಬರೇ ಆಗುವುದೂ ಬೇಡ. ಗುಪ್ತಪದಗಳನ್ನು ಲಕೋಟೆಯಲ್ಲಿ ಮುಚ್ಚಿ ಸಂಘದ ತಿಜೋರಿಯಲ್ಲಿಡಿ. ತೂಕದ ಚೀಟಿಯ ದಾರವನ್ನೂ ಮೊಳೆಯನ್ನೂ ಸದ್ಯಕ್ಕೆ ತೆಗೆಯಬೇಡಿ.

ಅಭ್ಯಾಸಕ್ಕೆ: (1) ಕಂಟೇನರ್ ಅಳಿದರೂ ಯಾವುದು ಉಳಿಯಬೇಕು? (2) ಪೋರ್ಟ್ ಸಾಲಿನಲ್ಲಿ ಕಚೇರಿಯ ವಿಳಾಸ ಏಕೆ ಬೇಕು? (3) ನಿಮ್ಮ ಸಂಘದ ನಕಲನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?